ಮೊಣಕಾಲೂರಿ ಬಂದವಳು

ಐದರಿಂದ ಎರಡರವರೆಗೆ ಬರೆದಾಗಿತ್ತು. ಒಂದನೆಯದಕ್ಕೆ ಬಂದಾಗ ಸೀಮೆಸುಣ್ಣ ಮುರಿಯಿತು.

ಮುರಿದ ತುಂಡು ಉರುಳಿ ಚರಂಡಿಗೆ ಬಿತ್ತು. ನಂತೊಂಗೊ ಅದನ್ನೇ ನೋಡುತ್ತ ನಿಂತಳು. ಮುರಿದದ್ದು ತನ್ನ ತಪ್ಪಲ್ಲ ಅನ್ನಿಸಿ ಕೊಂಚ ಹಗುರವಾಯಿತು.

ವೀಡಿಯೋ ಹಾಲಿನ ತಗಡಿನ ಗೋಡೆಗೆ ಒರಗಿಸಿದ ಕಪ್ಪು ಹಲಗೆಯ ಮೇಲೆ ಎರಡು ಪಟ್ಟಿ. ಎಡಕ್ಕೆ 'ಬೆವರಿಳಿಸಿದ್ದು'. ಬಲಕ್ಕೆ 'ನಿದ್ದೆ ಬರಿಸಿದ್ದು'. ಡಿಸೆಂಬರಿನ ಕೊನೆಯ ಭಾನುವಾರ ಆ ವರ್ಷದ ದೆವ್ವಗಳಿಗೆಲ್ಲ ತೀರ್ಪು ಕೊಡುವುದು ಮಸಾಕ ಪಟ್ಟಣದ ಹಳೇ ಬಸ್ ನಿಲ್ದಾಣದ ಕೆಳಗಿನ ಈ ಕೇರಿಯಲ್ಲಿ ಆರು ವರ್ಷದಿಂದ ನಡೆದುಬಂದ ಪದ್ಧತಿ. ಶುರುಮಾಡಿದವಳು ಅವಳೇ. ನಾಲ್ಕು ಗಂಟೆಗೆ ಪಟ್ಟಿ ಓದುವುದು. ಆಮೇಲೆ ಎಡಗಡೆ ಮೊದಲು ನಿಂತ ಚಿತ್ರವನ್ನು ಇನ್ನೊಮ್ಮೆ ತೋರಿಸುವುದು.

ಬಲಗಡೆ ಬರೆಯುವಾಗ ಅವಳ ಕೈ ಯಾವಾಗಲೂ ಚುರುಕು. ಕಂಡದ್ದೆಲ್ಲ ನಾಯಕನ ಕನಸು ಎಂದು ಕೊನೆಗೆ ಕೈತೊಳೆದುಕೊಂಡ ಚಿತ್ರ ಐದನೆಯದು. ಹೆಣ ಉಸಿರಾಡಿದ್ದು ನಾಲ್ಕನೆಯದು. ಪಾದ್ರಿಯೊಬ್ಬ ರಬ್ಬರಿನ ಹೆಬ್ಬಾವನ್ನು ಬೈಬಲ್ಲಿನಿಂದ ಬಡಿದು ಕೊಂದದ್ದು ಮೂರನೆಯದು. ಹಾವಿನ ಹೊಟ್ಟೆಯಡಿ ಕಾರ್ಖಾನೆಯ ಮುದ್ರೆ ಕೊನೆಯ ಬೆಂಚಿನವರಿಗೂ ಕಾಣುತ್ತಿತ್ತು. ಎರಡನೆಯದರಲ್ಲಿ ದೆವ್ವವೇ ಇರಲಿಲ್ಲ, ಬರೀ ಬಾಗಿಲು ಬಡಿಯುತ್ತಿತ್ತು. ಹೆದರಿಸಲು ಬಾರದವರು ಸದ್ದು ಮಾಡುತ್ತಾರೆ. ಜನ ವಾರವೆಲ್ಲ ಬೆನ್ನು ಬಾಗಿಸಿ ದುಡಿದು ಬಂದು ಬರೀ ಹಲಗೆಯ ಮೇಲೆ ಕೂರುತ್ತಾರೆ. ಅವರಿಗೆ ಸಲ್ಲಬೇಕಾದ ಭಯವನ್ನಾದರೂ ನಿಯತ್ತಾಗಿ ಕೊಡಬಾರದೆ?

ಈ ಸಿಟ್ಟು ಅವಳಿಗೆ ಇಷ್ಟ. ಶುದ್ಧವಾದ, ಯಾರಿಗೂ ತಗಲದ ಸಿಟ್ಟು.

ಅವಳ ಅಳತೆಗೋಲು ಮುಂಗೈಯ ರೋಮ. ಕತ್ತಲಲ್ಲಿ ಎಡ ಮುಂಗೈಯ ಮೇಲೆ ಬಲಗೈ ಬೆರಳು ಇಟ್ಟುಕೊಂಡು ಕೂರುತ್ತಾಳೆ. ರೋಮ ಎದ್ದರೆ ಚಿತ್ರ ಗೆದ್ದಂತೆ. ಈ ವರ್ಷ ನಲವತ್ತೊಂದು ಚಿತ್ರ ನೋಡಿದಳು. ಒಮ್ಮೆಯೂ ಏಳಲಿಲ್ಲ.

ಹೊರಗೆ ಹಾಗಲ್ಲ. ಹೊರಗೆ ಅವಳು ಎಲ್ಲಕ್ಕೂ ಹೆದರುತ್ತಾಳೆ. ಚಿಲಕ ಹಾಕಿ ಮೂರು ಸಲ ಎಳೆದು ನೋಡುತ್ತಾಳೆ. ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವಾಗ ಕಿಟಕಿಯಾಚೆ ಯಾರು ನಿಂತರು, ಯಾಕೆ ನಿಂತರು ಎಂದು ಒಂದು ಕಣ್ಣು ಅಲ್ಲೇ. ಈ ಹಾಲಿನಲ್ಲಿ ಮಾತ್ರ ಭಯಕ್ಕೊಂದು ಮೊದಲು, ಒಂದು ಕೊನೆ. ಕೊನೆಯಾದ ಮೇಲೆ ದೀಪ ಹಾಕುತ್ತಾರೆ. ಅದಕ್ಕೇ ಬರುತ್ತಾಳೆ. ಮೂರನೆಯ ಬೆಂಚು, ಬಾಗಿಲ ಕಡೆಯ ತುದಿ.

ಬೆಳಿಗ್ಗೆ ಫೋನಿಗೆ ಒಂದು ಸಂದೇಶ ಬಂದಿತ್ತು. ಕ್ಯೊಟೆರಾ ಊರಿನಿಂದ, ಗೋಡೆಯಾಚೆ ಮನೆಯ ಮುದುಕಿಯ ಸೋದರಳಿಯ ಬೊನಿಫೇಸನದು. 'ನಾಳೆ ಬೆಳಿಗ್ಗೆ ಅತ್ತೆಯನ್ನು ಕರೆತರೋಣ ಅಂತ. ಮೂರು ತಿಂಗಳಿಂದ ಬಾಗಿಲಲ್ಲೇ ಕೂತು ಮನೆಗೆ ಹೊರಡೋಣ ಅಂತಾಳೆ. ಕೇರಿ ಹೇಗಿದೆ ಹೇಳಿ ಟೀಚರ್. ನಿಮ್ಮ ಮಾತಿನ ಮೇಲೆ ಹೊರಡ್ತೀನಿ.'

ಉತ್ತರಕ್ಕೆ ಹತ್ತು ನಿಮಿಷ ಹಿಡಿಯಿತು. 'ಶಾಂತ' ಎಂದು ಬರೆದು ಅಳಿಸಿದಳು. 'ಪರವಾಗಿಲ್ಲ' ಎಂದು ಬರೆದು ಅಳಿಸಿದಳು. ಕೊನೆಗೆ, 'ಕೇರಿ ತಣ್ಣಗಿದೆ. ಯಾವಾಗ ಬೇಕಾದರೂ ಬನ್ನಿ.'

ಕಳಿಸಿದ ಮೇಲೆ ಮತ್ತೆ ಓದಿದಳು. ವಾಕ್ಯ ಚೆನ್ನಾಗಿತ್ತು.

ಕೇರಿಯ ಅಧ್ಯಕ್ಷರೂ ಒಪ್ಪಿದ್ದರು. "ಹಬ್ಬದ ವಾರ, ಯಾರಿಗೂ ರಗಳೆ ಬೇಡ," ಎಂದಿದ್ದರು. "ಜನ ಸುಮ್ಮನಿದ್ರೆ ಮುದುಕಿ ಬರಲಿ. ಇನ್ನೊಂದು ಸಲ ಗದ್ದಲ ಎದ್ರೆ ಮಾತ್ರ ನನ್ನ ಕೈಲಾಗಲ್ಲ, ಆಮೇಲೆ ಅವಳು ಅಲ್ಲೇ ಇರಲಿ." ಎಲ್ಲವೂ ಈ ಒಂದು ಭಾನುವಾರ ಸದ್ದಿಲ್ಲದೆ ದಾಟುವುದರ ಮೇಲೆ ನಿಂತಿತ್ತು.

ಹಾಲಿನ ಮಾಡಿನ ಮೇಲೆ ಕೊಂಬಿನಾಕಾರದ ಸ್ಪೀಕರು. ಒಳಗಿನ ಪ್ರತಿ ಉಸಿರೂ ಕೇರಿಗೆಲ್ಲ ಕೇಳುತ್ತದೆ.

"ಟೀಚರ್, ಬಾಯಿ ತೆಗೀರಿ."

ಪಕ್ಕದಲ್ಲಿ ರೆಜಿನಾ ಮಗುಚಿಟ್ಟ ಬಕೆಟಿನ ಮೇಲೆ ಕೂತು ಮಿಡತೆಗಳ ರೆಕ್ಕೆ ಕೀಳುತ್ತಿದ್ದಳು. ನ್ಸೆನೆನೆ ಎಂಬ ಈ ಮಿಡತೆಯ ಸುಗ್ಗಿ ಮುಗಿಯುತ್ತ ಬಂದಿತ್ತು, ಕೊನೆಯ ಮೂಟೆಗಳು. ವರ್ಷವೆಲ್ಲ ತಲೆಗೂದಲು ಹೆಣೆಯುವವಳು ಸುಗ್ಗಿಯಲ್ಲಿ ಬಾಣಲೆ ಹಿಡಿಯುತ್ತಾಳೆ. ಬೆರಳಲ್ಲಿ ಹಿಡಿದಿದ್ದ ಹುರಿದ ಮಿಡತೆಯನ್ನು ನಂತೊಂಗೊಳ ಬಾಯಿಗೇ ಹಾಕಿದಳು.

"ಉಪ್ಪು ಸರಿಯಾ?"

"ಸರಿ ಇದೆ."

"ನಾಳೆ ಅವಳು ಬರ್ತಾಳಂತೆ."

"ಯಾರು?"

"ಅಯ್ಯೋ, ಈ ಟೀಚರ್ ಕೇಳೋದು ನೋಡು. ನಿಮ್ಮ ಗೋಡೆಯಾಚೆ ಇದ್ದವಳು. ಇನ್ಯಾರು, ರಾಣೀನಾ?"

ನಂತೊಂಗೊ ಮಿಡತೆ ಅಗಿದಳು. "ಮಗಳು ಹೇಗಿದಾಳೆ?"

"ದೇವರ ದಯೆ. ಬೆಳಿಗ್ಗೆ ಪಕ್ಕದ ಮನೆ ಗಡಿಗೆ ಒಡೆದು ಬಂದ್ಲು. ಅಷ್ಟು ಗಟ್ಟಿ."

"ಮಲೇರಿಯಾ ಅಂತ ಆಸ್ಪತ್ರೆ ಚೀಟಿಲಿ ಬರೆದಿತ್ತು. ನಾನೇ ಓದಿ ಹೇಳಿದ್ದೆ."

"ಓದಿದ್ರಿ. ಇಲ್ಲ ಅಂದೆನಾ? ಸೊಳ್ಳೆ ಕಚ್ಚಿದ್ದೂ ನಿಜ, ಮಾತ್ರೆ ಕೊಟ್ಟಿದ್ದೂ ನಿಜ." ರೆಜಿನಾ ಒಂದು ರೆಕ್ಕೆಯನ್ನು ಗಾಳಿಗೆ ಊದಿದಳು. "ಆದ್ರೆ ಟೀಚರ್, ಈ ಕೇರಿಲಿ ಐವತ್ತು ಮಕ್ಕಳಿದಾವೆ. ಆ ಸೊಳ್ಳೆನ ನನ್ನ ಮಗಳ ಹತ್ರಾನೇ ಕಳಿಸಿದ್ದು ಯಾರು?"

ನಂತೊಂಗೊಳ ಕಿವಿ ಬಿಸಿಯಾಯಿತು. ಹೇಳಬೇಕಾದದ್ದೆಲ್ಲ ಸಾಲಾಗಿ ಬಂದು ನಿಂತಿತು: ಚರಂಡಿ, ಸೊಳ್ಳೆಪರದೆ, ಅದಿಲ್ಲದ ಮನೆಗಳು, ಅದನ್ನು ಮೀನು ಹಿಡಿಯಲು ಒಯ್ದ ಗಂಡಂದಿರು. ತರಗತಿಯಲ್ಲಾದರೆ ಇಂಥ ಉತ್ತರದ ಮೇಲೆ ಕೆಂಪು ಗೆರೆ ಎಳೆದು ಹುಡುಗಿಯನ್ನು ನಿಲ್ಲಿಸುತ್ತಿದ್ದಳು. ಇಲ್ಲಿ ರೆಜಿನಾಳ ಬಟ್ಟಲು ತುಂಬಿತ್ತು. ಎಂಟು ಜನ ಬೋಡಾ ಸವಾರರು ತಮ್ಮ ಬಾಡಿಗೆ ಬೈಕುಗಳ ಮೇಲೆ ಅಡ್ಡ ಕೂತು ಕಿವಿ ಇತ್ತಲೇ ಇಟ್ಟಿದ್ದರು.

"ಉಪ್ಪು ಸ್ವಲ್ಪ ಜಾಸ್ತಿನೇ," ಅಂದಳು.

ಗೋಡೆಯಾಚೆಯ ಕೆವಿನಾ ಚಾಪೆ ಹೆಣೆಯುವವಳು. ತಾಳೆಗರಿಯನ್ನು ನೇರಳೆ, ಹಸಿರು ಬಣ್ಣದಲ್ಲಿ ಕುದಿಸಿ ಒಣಹಾಕಿ, ಮೊಣಕಾಲ ಮೇಲೆ ಕೂತು ಹೆಣೆಯುತ್ತಿದ್ದಳು. ಎಲ್ಲರಿಗೂ ಜಾಜ, ಅಜ್ಜಿ. ಯಾರಿಗೂ ಹೆತ್ತ ಅಜ್ಜಿಯಲ್ಲ. ಇಲ್ಲಿ ಹೆಂಗಸರು ಗಂಡಸರಿಗೂ ಹಿರಿಯರಿಗೂ ಮೊಣಕಾಲೂರಿ ಕುಶಲ ಕೇಳುವುದು ಹುಟ್ಟಿನಿಂದ ಬಂದದ್ದು. ಕೆವಿನಾ ಮಾತ್ರ ಎಲ್ಲರಿಗೂ ಊರುತ್ತಿದ್ದಳು. ಮಕ್ಕಳಿಗೂ, ಹಾಲಿನ ಕ್ಯಾನಿನವನಿಗೂ. ಹಗಲು ಹೇಗೆ ಕಳೀತು, ಮನೆಯವರು ಹೇಗಿದಾರೆ, ಹಸು ಈಯಿತಾ, ದುಡಿದದ್ದಕ್ಕೆ ಪುಣ್ಯ ಬರಲಿ. ಉತ್ತರ ಕೊಟ್ಟು ಮುಗಿಯುವವರೆಗೆ ಏಳುತ್ತಿರಲಿಲ್ಲ. ಶಾಲೆಗೆ ತಡವಾದ ಎಷ್ಟೋ ಬೆಳಿಗ್ಗೆ ನಂತೊಂಗೊ ಕಳ್ಳಿಯಂತೆ ಹಿತ್ತಲಿನಿಂದ ಹೋದದ್ದುಂಟು.

ಜೂನ್ ತಿಂಗಳಲ್ಲಿ ಆ ಚಿತ್ರ ಬಂತು. ಯಾವುದೋ ಚಳಿದೇಶದ್ದು. ಮೂಲ ಹೆಸರು ಯಾರಿಗೂ ಬೇಕಿರಲಿಲ್ಲ. ಒಂದು ಖಾಲಿ ಮನೆ, ಉದ್ದನೆಯ ಮೆಟ್ಟಿಲು. ಮೆಟ್ಟಿಲ ತುದಿಯಿಂದ ಒಬ್ಬ ಮುದುಕಿ ತಲೆ ತಗ್ಗಿಸಿ ಮೊಣಕಾಲ ಮೇಲೆ ಇಳಿಯುತ್ತಾಳೆ. ಒಂದೊಂದೇ ಮೆಟ್ಟಿಲು. ಚಳಿದೇಶದವರಿಗೆ ಅದೇ ಭಯ.

ಕಸುಕುವಿನ ಬಾಯಿಗೆ ಆ ಹೆಸರು ಬಂದದ್ದು ಆಗಲೇ.

ಕಸುಕು ಎಂದರೆ ಗಿಣಿ. ಅಮ್ಮ ಇಟ್ಟ ಹೆಸರು ಗೊಂಜಾಗ. ವೀಡಿಯೋ ಹಾಲು ಅವನದು, ಮೈಕೂ ಅವನದು. ತೆರೆಯ ಪಕ್ಕ ಕೂತು, ಇಂಗ್ಲಿಷೋ ಕೊರಿಯನ್ನೋ ಆಡುವ ಬಾಯಿಗಳಿಗೆಲ್ಲ ಇಲ್ಲಿನ ಲುಗಾಂಡ ಭಾಷೆಯ ಮಾತು ಹಾಕುವುದು ಅವನ ಕಸುಬು. ಬರೀ ಅರ್ಥ ಹೇಳಿದರೆ ಯಾರು ಬರುತ್ತಾರೆ? ಅಮೆರಿಕದ ಪೊಲೀಸನಿಗೆ ಇಲ್ಲಿನ ಠಾಣೆಯವನ ಹೆಸರಿಡುತ್ತಾನೆ. ಕಳ್ಳನಿಗೆ ಮಾಂಸದಂಗಡಿಯವನದು. ತನ್ನ ಹೆಸರು ಕೇಳಿದವನು ಮರುದಿನ ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆಯುತ್ತಾನೆ. ಹೆಸರು ಬೀಳದವರು ಮುನಿಸಿಕೊಂಡದ್ದೂ ಉಂಟು.

ಮುದುಕಿ ಮೂರನೇ ಮೆಟ್ಟಿಲಿಗೆ ಬಂದಾಗ ಕಸುಕು ಅಂದ: "ಹೆದರಬೇಡ್ರೋ! ನಮ್ಮ ಜಾಜ ಕೆವಿನಾ! ಊಟ ಆಯ್ತಾ ಅಂತ ಕೇಳೋಕೆ ಬಂದವ್ರೆ! ಏ ಹುಡುಗಿ, ಓಡಬೇಡ, ಉತ್ತರ ಕೊಟ್ಟು ಹೋಗು. ಇಲ್ಲಾಂದ್ರೆ ಸಮಾಧಿವರೆಗೂ ಹಿಂದೇನೇ ಬರ್ತಾರೆ!"

ಇಡೀ ಹಾಲು ನಗೆಯಿಂದ ಸಿಡಿಯಿತು. ಬೆಂಚುಗಳು ಮಗುಚಿದವು. ಹಿಂದಿನ ಸಾಲಿನವನೊಬ್ಬ ನಕ್ಕು ನಕ್ಕು ವಾಂತಿ ಮಾಡಿಕೊಂಡ. ಅದೇ ವಾರ ಅದೇ ಚಿತ್ರ ಇನ್ನೂ ನಾಲ್ಕು ಸಲ ಓಡಿತು.

ಮೊದಲು ಮಕ್ಕಳು ನಗುತ್ತ ಅವಳಿಂದ ಓಡಿದರು. ಕೆವಿನಾ ಮೊಣಕಾಲೂರಿದೊಡನೆ ಕಿರುಚಿ ಓಡುವುದು ಒಂದು ಆಟವಾಯಿತು. ಆಮೇಲೆ ನಗದೆ ಓಡಿದರು. ಆಮೇಲೆ ತಾಯಂದಿರು ಬಾಗಿಲು ಹಾಕಿಕೊಂಡರು. ಆ ಬೆರಳುಗಳೇಕೆ ಸದಾ ನೇರಳೆ ಎಂದು ಯಾರೋ ಕೇಳಿದರು. ಕೇಳಿದ್ದು ಹತ್ತು ವರ್ಷದಿಂದ ಅದೇ ಬೆರಳು ಹೆಣೆದ ಚಾಪೆಯ ಮೇಲೆ ಮಲಗುವವರು. ಆಗಸ್ಟಿನಲ್ಲಿ ರೆಜಿನಾಳ ಮಗಳಿಗೆ ಜ್ವರ ನೆತ್ತಿಗೇರಿ ಮೂರ್ಛೆ ಬಂತು. ಸೆಪ್ಟೆಂಬರಿನ ಒಂದು ಸಂಜೆ ಕೆವಿನಾಳ ತಗಡಿನ ಮೇಲೆ ಕಲ್ಲು ಬಿದ್ದವು.

ಹನ್ನೊಂದು ಕಲ್ಲು. ಗೋಡೆಯೀಚೆ ಚಿಲಕ ಹಾಕಿಕೊಂಡು ಕೂತಿದ್ದ ನಂತೊಂಗೊ ಎಣಿಸಿದ್ದಳು. ಪ್ರತಿ ಕಲ್ಲು ಬಿದ್ದಾಗಲೂ ಆಚೆಯಿಂದ ಕೆವಿನಾಳ ದನಿ: "ಯಾರಪ್ಪಾ? ಒಳಗೆ ಬನ್ನಿ. ಚೆನ್ನಾಗಿದ್ದೀರಾ?"

ಮರುದಿನ ಬೊನಿಫೇಸ್ ಬಂದು ಮುದುಕಿಯನ್ನು ಕ್ಯೊಟೆರಾಕ್ಕೆ ಕರೆದೊಯ್ದ. ಅಧ್ಯಕ್ಷರು ಕೇಳಿದಾಗ ನಂತೊಂಗೊ, ತಾನು ಶಾಲೆಯಲ್ಲಿದ್ದೆ ಅಂದಳು.

"ಎಡಗಡೆ ಒಂದನೇ ಜಾಗ ಹಲ್ಲು ಬಿದ್ದ ಬಾಯಿ ಥರ ಇದೆಯಲ್ಲ ಟೀಚರ್."

ಕಸುಕು ಬಂದಿದ್ದ. ಚರ್ಚಿನ ಅಂಗಿ ಇನ್ನೂ ಮೈಮೇಲಿತ್ತು, ಕತ್ತಿನ ಗುಂಡಿ ಬಿಚ್ಚಿತ್ತು. ಕೈಯಲ್ಲಿ ವೈರಿನ ಸುರುಳಿ.

"ಬರೀತೀನಿ."

"ಯೋಚನೆ ಏನು? ಹೋದ ವಾರಾನೇ ಜನ ಕೂಗಿ ಹೇಳಿದಾರೆ. ಮೊಣಕಾಲಿನವಳು."

"ಅದು ಬಲಗಡೆಗೆ."

ಕಸುಕು ಹಲಗೆ ನೋಡಿದ. ಅವಳನ್ನು ನೋಡಿದ. "ನಿದ್ದೆ ಬರಿಸಿತಾ ನಿಮಗೆ?"

"ಇವತ್ತು ಅದು ಬೇಡ ಕಸುಕು. ಬೇರೆ ಯಾವುದಾದ್ರೂ ಹಾಕು."

"ಬೇರೆ ಹಾಕಿದ್ರೆ ಬೆಂಚು ಮುರಿದು ಸೌದೆ ಮಾಡ್ತಾರೆ."

"ನಾಳೆ ಅವಳು ಬರ್ತಿದಾಳೆ."

"ಗೊತ್ತು."

"ಗೊತ್ತಿದ್ದೂ?" ದನಿ ಏರಿತು, ಬೋಡಾದವರು ತಿರುಗಿದ್ದು ಕಂಡು ಇಳಿಸಿದಳು. "ಗೊತ್ತಿದ್ದೂ ಹಾಕ್ತೀಯಾ? ನಿನಗೆ ಮನುಷ್ಯತ್ವ ಇದೆಯಾ? ಒಬ್ಬ ಮುದುಕಿ. ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ನಿನ್ನ ಒಂದು ಮಾತಿಂದ ಮನೆ ಬಿಟ್ಟು ಹೋದ್ಲು. ಜನ ನಕ್ಕರೆ ಸಾಕು ನಿನಗೆ. ಯಾರ ತಲೆ ಒಡೆದು ನಗಿಸಿದೆ ಅನ್ನೋದು ಬೇಡ."

ಎಷ್ಟೋ ತಿಂಗಳಿಂದ ಜೋಡಿಸಿಟ್ಟ ಮಾತು. ಆಡುತ್ತಿದ್ದಂತೆ ಅವಳಿಗೆ ಬೆಚ್ಚಗೆನಿಸಿತು. ನಿಜವಾದ ಸಿಟ್ಟು.

ಕಸುಕು ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡ. ಕಂಬಳಿ ಸರಿಸಿ ಒಳಗೆ ಹೋದ. ಬಾಗಿಲೆಂಬುದು ಆ ಕಂಬಳಿಯೇ. ಅವಳೂ ಹಿಂದೆ ಹೋದಳು. ಖಾಲಿ ಹಾಲಿನಲ್ಲಿ ಬೆವರಿನ, ಹುರಿದ ಎಣ್ಣೆಯ ವಾಸನೆ. ಮೈಕಿನ ಮೇಜಿನ ಕೆಳಗಿನ ಟ್ರಂಕಿನಿಂದ ಒಂದು ನೋಟುಬುಕ್ಕು ತೆಗೆದು ಪುಟ ತಿರುವಿದ.

"ಓದಿ. ನನ್ನ ಇಂಗ್ಲಿಷು ಸಾಲದು ಅಂತಾನೇ ಅಲ್ವಾ ಇದು ಇರೋದು."

ಅವಳಿಗೆ ಓದುವ ಅಗತ್ಯವಿರಲಿಲ್ಲ. ಪ್ರತಿ ಶನಿವಾರ ಹೊಸ ಚಿತ್ರವನ್ನು ಮೊದಲು ಅವಳೇ ನೋಡಿ, ಯಾರು ಏನು ಹೇಳುತ್ತಾರೆಂದು ಲುಗಾಂಡದಲ್ಲಿ ಬರೆದುಕೊಡುತ್ತಿದ್ದಳು. ಶಾಲೆಯ ನೋಟುಬುಕ್ಕು, ತಿದ್ದುವ ಕೆಂಪು ಶಾಯಿ. ಯಾರಿಗೂ ಹೇಳಬಾರದೆಂದು ಅವಳೇ ಕೇಳಿಕೊಂಡಿದ್ದಳು. ಹುಡುಗಿಯರ ಶಾಲೆಯ ಟೀಚರಿಗೆ ಒಪ್ಪುವ ಕೆಲಸವಲ್ಲ. ಮೆಟ್ಟಿಲಿನ ಜಾಗಕ್ಕೆ ಬಂದಾಗ ಅಂಚಿನಲ್ಲಿ ಬರೆದಿದ್ದಳು: 'ಇಲ್ಲಿ ನಮ್ಮ ಜಾಜ ಕೆವಿನಾ ಅನ್ನು. ಊಟ ಆಯ್ತಾ ಅಂತ ಕೇಳೋಕೆ ಬಂದಿದ್ದಾಳೆ. ಉತ್ತರ ಕೊಡದಿದ್ದರೆ ಸಮಾಧಿವರೆಗೂ ಹಿಂದೇನೇ ಬರ್ತಾಳೆ.' ಕೊನೆಗೊಂದು ಆಶ್ಚರ್ಯಚಿಹ್ನೆ.

ಆ ದಿನ ಬೆಳಿಗ್ಗೆ ಕೆವಿನಾಳ ಕುಶಲಪ್ರಶ್ನೆಯಿಂದ ಅವಳಿಗೆ ಶಾಲೆಗೆ ತಡವಾಗಿತ್ತು. ಅಷ್ಟೆ.

"ಇದು ಗಿಣಿ," ಕಸುಕು ತನ್ನ ಎದೆ ಮುಟ್ಟಿಕೊಂಡ. "ಹೇಳಿಕೊಟ್ಟಿದ್ದನ್ನ ಹೇಳ್ತದೆ."

"ನಾನು ತಮಾಷೆಗೆ ಬರೆದದ್ದು."

"ನಾನೂ ತಮಾಷೆಗೇ ಅಂದದ್ದು."

"ನೀನು ಬಿಡಬಹುದಿತ್ತು."

"ಟೀಚರ್ ಕೆಂಪು ಶಾಯಿಲಿ ಬರೆದದ್ದನ್ನ ಬಿಡೋಷ್ಟು ಓದಿಲ್ಲ ನಾನು." ನೋಟುಬುಕ್ಕು ಮುಚ್ಚಿದ. ಅವನ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ. ಅದೇ ಅವಳನ್ನು ಕೆರಳಿಸಿತು. "ಕೇಳಿ. ಕಲ್ಲು ಹೊಡೆದವರಲ್ಲಿ ನಾನಿರಲಿಲ್ಲ. ಆದ್ರೂ ನನಗೆ ನಿದ್ದೆ ಬರಲ್ಲ. ಇವತ್ತು ಆ ಹೆಸರು ನನ್ನ ಬಾಯಿಂದ ಬರಲ್ಲ, ಆಣೆ. ನೀವೂ ಒಂದು ಮಾಡಿ. ಪಟ್ಟಿ ಓದುವಾಗ ಮೈಕಲ್ಲಿ ಹೇಳಿಬಿಡಿ: ಆ ಹೆಸರು ಕೊಟ್ಟದ್ದು ನಾನು, ಬರೀ ತಮಾಷೆ, ಆ ಅಜ್ಜಿಲಿ ಏನೂ ಇಲ್ಲ ಅಂತ. ನಾನು ಹೇಳಿದ್ರೆ ನಗ್ತಾರೆ. ನೀವು ಹೇಳಿದ್ರೆ ನಂಬ್ತಾರೆ. ನೀವು ಓದಿದವರು."

"ಹೇಳ್ತೀನಿ," ಅಂದಳು ನಂತೊಂಗೊ.

ಅಂದಾಗ ಅದು ಸುಳ್ಳಾಗಿರಲಿಲ್ಲ.

ಹೊರಗೆ ಬಂದು ಹೊಸ ಸೀಮೆಸುಣ್ಣದಲ್ಲಿ ಎರಡೂ ಕಡೆ ಒಂದನೇ ಜಾಗದಲ್ಲಿ ಒಂದೇ ಹೆಸರು ಬರೆದಳು. ಕೆಳಗೆ ಎಂದಿನ ನಿಯಮ: 'ಒಳಗೆ ಫೋನು ಬಂದ್.' ತನ್ನದನ್ನೂ ಬಂದ್ ಮಾಡಿ ಚೀಲಕ್ಕೆ ಹಾಕಿದಳು.

ನಾಲ್ಕಕ್ಕೆ ಹಾಲು ತುಂಬಿತು. ನೂರು ಜನಕ್ಕೆ ಕಟ್ಟಿದ್ದರಲ್ಲಿ ನೂರ ಮೂವತ್ತು. ರೆಜಿನಾ ಬುಟ್ಟಿ ಹೊತ್ತು ಸಾಲು ಸಾಲಿಗೆ ಬಟ್ಟಲು ದಾಟಿಸಿದಳು. ಮಿಡತೆ ಕಡಿಯುವ ಸಣ್ಣ ಕಟಕಟ ಎಲ್ಲ ಕಡೆಯಿಂದ.

ನಂತೊಂಗೊ ಮೈಕು ಹಿಡಿದಳು. ಓದುವುದು ಅವಳಿಗೆ ಗೊತ್ತು. ರಬ್ಬರಿನ ಹೆಬ್ಬಾವಿಗೆ ಜನ ಕೇಕೆ ಹಾಕಿದರು. ಉಸಿರಾಡಿದ ಹೆಣಕ್ಕೆ ಚಪ್ಪಾಳೆ.

"ಎಡಗಡೆ ಒಂದನೆಯದು, ಮೊಣಕಾಲಿನವಳು."

ಹೋ ಎಂದರು.

"ಬಲಗಡೆ ಒಂದನೆಯದೂ ಅದೇ."

"ಅದೆಂಗೆ ಟೀಚರ್?" ಮುಂದಿನ ಬೆಂಚಿನಿಂದ ಬೋಡಾದ ಕಿಗುಂಡು. "ಒಂದೇ ಹುಡುಗಿ ಪಾಸೂ ಹೌದು, ಫೇಲೂ ಹೌದಾ? ನಿಮ್ಮ ಶಾಲೇಲಿ ಹೀಗೇನಾ?"

ನಗು ತಣಿಯುವವರೆಗೆ ಕಾದಳು. "ಚಿತ್ರ ಒಳ್ಳೇದು. ಅವತ್ತು ನಾವು ನೋಡಿದ್ದು ಕೆಟ್ಟದ್ದು. ಯಾಕಂದ್ರೆ ಅವತ್ತು ಇಲ್ಲಿ ಒಂದು ಹೆಸರು ಬಂತು. ಬರಬಾರದಾಗಿತ್ತು."

ಕಟಕಟ ನಿಂತಿತು. ತೆರೆಯ ಪಕ್ಕದಲ್ಲಿ ಕಸುಕು ತಲೆ ತಗ್ಗಿಸಿ ಕೂತಿದ್ದ. ತೊಡೆಯ ಮೇಲೆ ನೋಟುಬುಕ್ಕು.

ಈಗ. ಮೂರೇ ಶಬ್ದ: ಅದನ್ನು ಕೊಟ್ಟವಳು ನಾನು. ಹುಡುಗಿಯರ ತಾಯಂದಿರು ಮೂವರು ನಾಲ್ಕನೇ ಸಾಲಿನಲ್ಲಿದ್ದರು. ರೆಜಿನಾಳ ಬುಟ್ಟಿ ಗಾಳಿಯಲ್ಲೇ ನಿಂತಿತ್ತು. ನಾಳೆಯಿಂದ ಇವರು ನೋಡುವ ರೀತಿ ಅವಳಿಗೆ ಕಂಡಿತು. ಅವಳ ತಗಡಿನ ಮೇಲೆ ಬೀಳುವ ಮೊದಲ ಕಲ್ಲಿನ ಸದ್ದೂ ಕೇಳಿತು.

"ಯಾರೋ," ಅಂದಳು. "ಯಾರೋ ತಮಾಷೆಗೆ ಅಂದದ್ದು. ಅದನ್ನ ನಂಬಿ ಒಬ್ಬ ಮುದುಕಿಯನ್ನ ಓಡಿಸಿದ್ರಿ. ನಿಮಗೆ ನಾಚಿಕೆ ಆಗಬೇಕು."

ಕಿಗುಂಡು, ನಿಜವಾಗಿಯೂ ನೊಂದವನಂತೆ, "ನಮಗಾ? ನಾವು ನಕ್ಕಿದ್ದಷ್ಟೇ ಟೀಚರ್. ನೀವೂ ನಕ್ರಿ. ನೀವು ಬೆಂಚಿಂದ ಕೆಳಗೇ ಬಿದ್ರಲ್ಲ, ಎತ್ತಿ ಕೂರಿಸಿದ್ದು ನಾನು."

ಹಾಲು ಮತ್ತೆ ನಕ್ಕಿತು.

ಅದು ನಿಜ. ಬಿದ್ದಿದ್ದಳು. ಆ ವರ್ಷದಲ್ಲಿ ಅವಳಿಗೆ ಅತ್ಯಂತ ಸುಖ ಕೊಟ್ಟ ಗಳಿಗೆ ಅದೇ. ಸ್ಟಾಫ್‌ರೂಮಿನಲ್ಲಿ ಯಾರೂ ಕೇಳಿಸಿಕೊಳ್ಳದ ಅವಳ ಒಂದು ವಾಕ್ಯಕ್ಕೆ ನೂರು ಜನ ಒಟ್ಟಿಗೆ ನಕ್ಕಿದ್ದರು. ಯಾರದೆಂದು ಗೊತ್ತಿಲ್ಲದೆ ನಕ್ಕಿದ್ದರು. ಅದಕ್ಕೇ ಅಷ್ಟು ಸುಖ.

ಕಸುಕು ಎದ್ದು ಬಂದು ಮೈಕು ತೆಗೆದುಕೊಂಡ. "ಆಯ್ತಾ?" ಎಂದು ಮೆಲ್ಲಗೆ ಕೇಳಿದ.

"ಆಯ್ತು."

ಅವನು ಅವಳ ಮುಖ ನೋಡಲಿಲ್ಲ. ನೋಟುಬುಕ್ಕನ್ನು ಟ್ರಂಕಿಗೆ ಹಾಕಿ ಮುಚ್ಚಿದ.

ದೀಪ ಆರಿತು. ಅವಳು ಮೂರನೇ ಬೆಂಚಿನ ತುದಿಗೆ ಹೋಗಿ ಕೂತು ಮುಂಗೈಯ ಮೇಲೆ ಬೆರಳಿಟ್ಟುಕೊಂಡಳು. ಒಳಗೆ ಸಿಟ್ಟು ಕುದಿಯುತ್ತಿತ್ತು. ಕಿಗುಂಡುವಿನ ಮೇಲೆ, ರೆಜಿನಾಳ ಸೊಳ್ಳೆಯ ಮೇಲೆ, ನಿಯತ್ತನ್ನು ಇಷ್ಟು ಸದ್ದಿಲ್ಲದೆ ಉಳಿಸಿಕೊಂಡು ಕೂತ ಕಸುಕುವಿನ ಮೇಲೆ. ಎಲ್ಲರ ಮೇಲೂ ನ್ಯಾಯವಾದ ಸಿಟ್ಟು. ಹುಡುಕಿದರೆ ಅದರಲ್ಲಿ ಒಂದು ತಪ್ಪೂ ಸಿಗುತ್ತಿರಲಿಲ್ಲ.

ಖಾಲಿ ಮನೆ ಬಂತು. ಸೂಟ್‌ಕೇಸ್ ಹಿಡಿದ ಹುಡುಗಿ ಬಂದಳು. ಕಸುಕು ಅವಳಿಗೆ ನರ್ಸಿನ ಹೆಸರಿಟ್ಟ, ಹೆದರುಪುಕ್ಕಲ ಗಂಡನಿಗೆ ಪೋಸ್ಟಾಫೀಸಿನವನದು. ನಗು ಸಣ್ಣ ಸಣ್ಣ ಅಲೆಗಳಾಗಿ ಎದ್ದು ಇಳಿಯಿತು. ಇಡೀ ಹಾಲು ಮೆಟ್ಟಿಲಿಗಾಗಿ ಕಾಯುತ್ತಿತ್ತು. ಗಂಟೆ ಐದು ದಾಟಿತು. ಕಂಬಳಿಯ ಅಂಚಿನಲ್ಲಿ ಇಳಿಬಿಸಿಲಿನ ಗೆರೆ ಹಳದಿಯಾಯಿತು.

ಮೆಟ್ಟಿಲು ಬಂತು. ಮುದುಕಿ ಬಂದಳು. ಮೊದಲನೆಯ ಮೆಟ್ಟಿಲು. ಎರಡನೆಯದು.

ಮೂರನೆಯದಕ್ಕೆ ಕಸುಕು ಮೈಕನ್ನು ತೊಡೆಯ ಮೇಲೆ ಇಟ್ಟುಬಿಟ್ಟ.

ಮೌನ. ನಂತೊಂಗೊಗೆ ಕಣ್ಣು ತುಂಬಿತು. ಮಾತು ಉಳಿಸಿಕೊಂಡ, ಎಂದುಕೊಂಡಳು. ಮೌನ ಇನ್ನೊಂದು ಕ್ಷಣ ಉಳಿಯಿತು, ಜಾಗ ಖಾಲಿ ಬಿಟ್ಟ ಹಲಗೆಯಂತೆ.

ಆಮೇಲೆ ಹಾಲು ಅದನ್ನು ತುಂಬಿತು.

"ಕೆವಿನಾ!"

ಯಾರೂ ಹೇಳಿಕೊಟ್ಟಿರಲಿಲ್ಲ. ನೂರ ಮೂವತ್ತು ಗಂಟಲು ಒಂದೇ ಸಲ. ತೊಡೆಯ ಮೇಲಿನ ಮೈಕು ಅದನ್ನು ಹಿಡಿದು ಮಾಡಿನ ಕೊಂಬಿಗೆ ಕೊಟ್ಟಿತು. ಹೊರಗೆ ಕೇರಿಯ ಮೇಲೆಲ್ಲ ಆ ಹೆಸರು ಹಾರಿತು. ಕಸುಕು ಎದ್ದು ಎರಡೂ ಕೈಯಾಡಿಸಿ "ಬೇಡ್ರೋ, ಬೇಡ್ರೋ" ಅಂದ. ಅದೂ ಆಟವೆಂದುಕೊಂಡು ಇನ್ನಷ್ಟು ಕೂಗಿದರು. "ಕೆವಿನಾ! ಕೆವಿನಾ!" ಬೆಂಚು ಬಡಿದರು, ನೆಲ ಒದ್ದರು. ರೆಜಿನಾಳೂ ಕೂಗುತ್ತಿದ್ದಳು, ಬುಟ್ಟಿ ಎದೆಗವಚಿಕೊಂಡು.

ನಂತೊಂಗೊ ಎದ್ದಳು. ತನ್ನ ತುಟಿಯೂ ಆ ಹೆಸರಿನ ಆಕಾರದಲ್ಲಿ ಅಲುಗಿದ್ದು ಅವಳಿಗೆ ತಿಳಿಯಿತು. ಬಾಗಿಲಿಗೆ ಎರಡೇ ಹೆಜ್ಜೆ. ಕಂಬಳಿ ಸರಿಸಿದಳು.

ಬಿಸಿಲು ಕಣ್ಣಿಗೆ ಹೊಡೆಯಿತು. ಮೊದಲು ಕಂಡದ್ದು ಬೈಕು. ಪಕ್ಕದಲ್ಲಿ ಫೋನು ಕಿವಿಗೊತ್ತಿಕೊಂಡು ನಿಂತ ಬೊ​ನಿಫೇಸ್, ಟೀಚರ್ ಎತ್ತಲಿ ಎಂದು ಕಾಯುವವನ ಮುಖ. ಹತ್ತು ಮಾರು ಮುಂದೆ, ಕೆಂಪು ಧೂಳಿನ ನಡುವೆ, ಚಾಪೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಕೆವಿನಾ.

ಯಾವಾಗ ಬೇಕಾದರೂ ಬನ್ನಿ.

ಮುದುಕಿ ಮಾಡಿನ ಮೇಲಿನ ಕೊಂಬನ್ನು ನೋಡುತ್ತಿದ್ದಳು. ಕೊಂಬು ಮತ್ತೊಮ್ಮೆ ಕರೆಯಿತು. "ಕೆವಿನಾ!" ಅವಳ ಮುಖ ನಿಧಾನವಾಗಿ ಅರಳಿತು. ಮೂರು ತಿಂಗಳ ಮೇಲೆ ಊರಿಗೆ ಊರೇ ಹೆಸರು ಹಿಡಿದು ಕರೆಯುತ್ತಿದೆ. ಚಾಪೆ ಇಳಿಸಿದಳು. ಸೀರೆಯಷ್ಟು ಉದ್ದದ ಹಬ್ಬದ ಉಡುಪನ್ನು ಒಂದು ಕೈಯಲ್ಲಿ ಒಟ್ಟುಮಾಡಿ ಹಿಡಿದಳು. ಒಂದು ಮೊಣಕಾಲು ನೆಲಕ್ಕೆ. ಇನ್ನೊಂದು.

"ಬಂದೆ ಮಕ್ಕಳಾ, ಬಂದೆ. ಎಲ್ಲಾ ಚೆನ್ನಾಗಿದ್ದೀರಾ? ಹಬ್ಬ ಹೇಗಾಯ್ತು? ಮಕ್ಕಳು ಮರಿ?"

ಉತ್ತರ ಬರಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮೊಣಕಾಲ ಮೇಲೇ ಬಾಗಿಲ ಕಡೆ ಸರಿಯತೊಡಗಿದಳು. ಒಂದೊಂದೇ ಮೊಣಕಾಲು. ತಲೆ ತಗ್ಗಿಸಿ.

ನಂತೊಂಗೊಳ ಮುಂಗೈಯ ರೋಮ ಒಂದೊಂದೂ ಎದ್ದು ನಿಂತಿತ್ತು.

"ಯಾರ್ರೀ ಅದು, ಕಂಬಳಿ ಬಿಡ್ರೀ!" ಹಿಂದಿನಿಂದ ಕೂಗಿದರು. "ಬೆಳಕು ಬೀಳ್ತದೆ! ಏನೂ ಕಾಣಲ್ಲ!"

ಅವಳು ಬಿಡಲಿಲ್ಲ, ಪೂರ್ತಿ ಎಳೆಯಲೂ ಇಲ್ಲ. ಕಂಬಳಿಯ ಒರಟು ಅಂಚು ಮುಷ್ಟಿಯಲ್ಲೇ ಇತ್ತು. ತಿರುಗಿ ನೋಡಿದಳು. ಬಿಸಿಲು ಬಿದ್ದು ತೆರೆ ಬಿಳಿಚಿ ಹೋಗಿತ್ತು, ಮೆಟ್ಟಿಲಿಲ್ಲ, ಮುದುಕಿಯಿಲ್ಲ. ಬಿಳಿಯ ಬಟ್ಟೆಯ ಮೇಲೆ ಬಾಗಿಲಲ್ಲಿ ನಿಂತ ಒಬ್ಬ ಹೆಂಗಸಿನ ಉದ್ದನೆಯ ನೆರಳು. ಅದರ ಕಾಲಬುಡದಿಂದ ಮೊಣಕಾಲೂರಿದ ಇನ್ನೊಂದು ಗಿಡ್ಡ ನೆರಳು ಹೊರಟು, ಬೆಂಚಿನಿಂದ ಬೆಂಚಿಗೆ, ಜನರ ಮಡಿಲ ಮೇಲೆ ಹಾದು, ನಿಧಾನವಾಗಿ ಮೇಲೇರಿ ಬರುತ್ತಿತ್ತು.

ನಗು ನಿಂತಿತು.